ಬೆಳೆ ಹಾನಿ ಪರಿಹಾರ: ಪಹಣಿಯಿಂದ ಪಾಸ್‌ಬುಕ್‌ವರೆಗೆ

"ಪಕ್ಕದ ಹೊಲದವರಿಗೆ ದುಡ್ಡು ಬಂತು, ನಮಗೆ ಬರಲಿಲ್ಲ. ಯಾಕೆ?" ಮಳೆ ಜಾಸ್ತಿಯಾದ ವರ್ಷವೂ ಇದೇ ಪ್ರಶ್ನೆ, ಮಳೆ ಕೈಕೊಟ್ಟ ವರ್ಷವೂ ಇದೇ ಪ್ರಶ್ನೆ. ಒಬ್ಬೊಬ್ಬರಿಗೇ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ, ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲೇ ಒಂದು ಮಾತು. ಬೆಳೆ ಎಷ್ಟು ಹಾಳಾಯಿತು ಅನ್ನುವ ತಕರಾರಿನಲ್ಲಿ ಪರಿಹಾರ ತಪ್ಪಿಸಿಕೊಂಡವರನ್ನು ನಾನು ಕಂಡಿದ್ದು ಕಡಿಮೆ. ಪಹಣಿ ಅಜ್ಜನ ಹೆಸರಿನಲ್ಲೇ ಉಳಿದು, ಆಧಾರ್‌ನಲ್ಲಿ ಹೆಸರು ಬೇರೆಯಾಗಿ, ಖಾತೆ ಯಾವುದೋ ಹಳೇ ಬ್ಯಾಂಕಿಗೆ ಜೋಡಣೆಯಾಗಿ ತಪ್ಪಿಸಿಕೊಂಡವರೇ ಜಾಸ್ತಿ. ಅಂದರೆ ಕೆಲಸದ ಮುಕ್ಕಾಲು ಪಾಲು ಮಳೆಗೆ ಮುಂಚೆಯೇ ಮುಗಿದಿರಬೇಕು. ಕೆಳಗಿನ ಮೊದಲ ನಾಲ್ಕು ಹಂತ ಅದಕ್ಕೇ.

ಇದು ಯಾವ ದುಡ್ಡು?

ನಾವು ಬೆಳೆ ಪರಿಹಾರ, ನೆರೆ ಪರಿಹಾರ, ಬರ ಪರಿಹಾರ ಅನ್ನುತ್ತೇವೆ. ಸರ್ಕಾರದ ಕಾಗದದಲ್ಲಿ ಇದರ ಹೆಸರು ಇನ್‌ಪುಟ್ ಸಬ್ಸಿಡಿ. ಬೀಜ, ಗೊಬ್ಬರಕ್ಕೆ ನೀವು ಹಾಕಿದ ಖರ್ಚಿಗೆ ಒಂದಷ್ಟು ನೆರವು ಅಂತ ಅರ್ಥ. ಬೆಳೆಯ ಬೆಲೆ ಅಲ್ಲ. ಎಕರೆಗೆ ಇಷ್ಟು ಕ್ವಿಂಟಲ್ ಹೋಯಿತು, ಮಾರ್ಕೆಟ್ ರೇಟಿನಲ್ಲಿ ಇಷ್ಟು ಲಾಸ್ ಅಂತ ಲೆಕ್ಕ ಹಾಕಿಕೊಂಡು ಕೂತರೆ ಸುಮ್ನೆ ಹೊಟ್ಟೆ ಉರಿ.

ಹಣ ಬರುವುದು ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ. ಎಸ್‌ಡಿಆರ್‌ಎಫ್ ಅನ್ನುವುದು ಇದನ್ನೇ. ಕರ್ನಾಟಕದಲ್ಲಿ ಈ ನಿಧಿಗೆ ಕೇಂದ್ರ ಶೇ 75, ರಾಜ್ಯ ಶೇ 25 ಹಾಕುತ್ತವೆ. ಅನಾಹುತ ದೊಡ್ಡದಾದಾಗ ಎನ್‌ಡಿಆರ್‌ಎಫ್‌ನಿಂದ, ಅಂದರೆ ರಾಷ್ಟ್ರೀಯ ನಿಧಿಯಿಂದ ಇನ್ನಷ್ಟು ಬರುತ್ತದೆ. (ದೋಣಿ ತಗೊಂಡು ಬಂದು ಜನರನ್ನು ಕಾಪಾಡುವ ಎನ್‌ಡಿಆರ್‌ಎಫ್ ಬೇರೆ, ದುಡ್ಡಿನ ಎನ್‌ಡಿಆರ್‌ಎಫ್ ಬೇರೆ. ಹೆಸರು ಒಂದೇ ಆದ್ದರಿಂದ ಗೊಂದಲ.)

ನಿಮ್ಮ ಬೆಳೆ ಶೇ 33 ಅಥವಾ ಅದಕ್ಕಿಂತ ಜಾಸ್ತಿ ಹಾಳಾಗಿರಬೇಕು. 2015ಕ್ಕೆ ಮುಂಚೆ ಈ ಗೆರೆ ಶೇ 50ರಲ್ಲಿತ್ತು. ಕಾರಣ ಬರ, ನೆರೆ, ಆಲಿಕಲ್ಲು, ಭೂಕುಸಿತ, ಚಂಡಮಾರುತ, ಕೀಟಬಾಧೆ ಇಂಥ ಪಟ್ಟಿಯಲ್ಲಿರುವ ವಿಪತ್ತಾಗಿರಬೇಕು. ಟೊಮೆಟೊ ರೇಟು ಬಿದ್ದು ರಸ್ತೆಗೆ ಸುರಿದರೆ ಈ ಬಾಬ್ತಿನಲ್ಲಿ ಏನೂ ಸಿಗುವುದಿಲ್ಲ.

ಬರಕ್ಕೂ ನೆರೆಗೂ ಒಂದು ವ್ಯತ್ಯಾಸ ಇದೆ. ನೆರೆಯಲ್ಲಿ ನಿಮ್ಮ ಸರ್ವೆ ನಂಬರಿನಲ್ಲಿ ಏನಾಯಿತು ಅನ್ನುವುದೇ ಮುಖ್ಯ. ಬರದಲ್ಲಿ ಮೊದಲು ಸರ್ಕಾರ ನಿಮ್ಮ ತಾಲ್ಲೂಕನ್ನು ಬರಪೀಡಿತ ಅಂತ ಘೋಷಿಸಬೇಕು. 2023ರಲ್ಲಿ ಹೀಗೆ 223 ತಾಲ್ಲೂಕುಗಳನ್ನು ಘೋಷಿಸಿದ್ದರು. ಘೋಷಣೆ ಆಯಿತು ಅಂದಕೂಡಲೇ ದುಡ್ಡು ಬರುವುದೂ ಇಲ್ಲ. ಆ ಬರದ ದುಡ್ಡಿಗಾಗಿ ರಾಜ್ಯ 2024ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. ಕೇಂದ್ರದಿಂದ 3,454 ಕೋಟಿ ಬಿಡುಗಡೆಯಾದದ್ದು 2024ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ರಾಜ್ಯ ತಲಾ 2,000 ರೂಪಾಯಿವರೆಗೆ ಮೊದಲ ಕಂತು ಕೊಟ್ಟಿತ್ತು, ಆಮೇಲೆ ಅದನ್ನು ಕಳೆದು ಉಳಿದದ್ದನ್ನು ಹಾಕಿದರು. "ನಮಗೆ ಎರಡು ಸಾವಿರ ಕಡಿಮೆ ಬಂತು" ಅಂತ ಆಗ ಬಂದ ದೂರುಗಳಲ್ಲಿ ಎಷ್ಟೋ ಇದೇ ಲೆಕ್ಕ.

ಎಷ್ಟು ಸಿಗುತ್ತದೆ?

2022-23ರಿಂದ 2025-26ರ ಅವಧಿಗೆ ಕೇಂದ್ರ ನಿಗದಿ ಮಾಡಿದ ದರ ಹೀಗಿದೆ. ಖುಷ್ಕಿ, ಅಂದರೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ. ನೀರಾವರಿ ಬೆಳೆಗೆ 17,000. ತೆಂಗು, ಅಡಿಕೆ, ಮಾವಿನಂಥ ಬಹುವಾರ್ಷಿಕ ಬೆಳೆಗೆ 22,500. ಒಬ್ಬ ರೈತರಿಗೆ ಗರಿಷ್ಠ 2 ಹೆಕ್ಟೇರ್. ಅದಕ್ಕಿಂತ ಜಾಸ್ತಿ ಜಮೀನು ಎಷ್ಟಿದ್ದರೂ ಲೆಕ್ಕಕ್ಕಿಲ್ಲ.

ನಮ್ಮ ಲೆಕ್ಕ ಎಕರೆ-ಗುಂಟೆಯಲ್ಲಿ ಅಲ್ವಾ, ಹಾಗಾಗಿ ಮಾರ್ಪಡಿಸಿ ಕೊಡುತ್ತೇನೆ. ಒಂದು ಹೆಕ್ಟೇರ್ ಅಂದರೆ ಸುಮಾರು 2 ಎಕರೆ 19 ಗುಂಟೆ. ಎರಡು ಹೆಕ್ಟೇರ್ ಅಂದರೆ 5 ಎಕರೆಗೆ ಎರಡೇ ಗುಂಟೆ ಕಡಿಮೆ. ಮೇಲಿನ ದರದಲ್ಲಿ ಖುಷ್ಕಿಗೆ ಗುಂಟೆಗೆ ಸುಮಾರು 86 ರೂಪಾಯಿ, ನೀರಾವರಿಗೆ 172, ತೋಟಕ್ಕೆ 228 ಬೀಳುತ್ತದೆ. ನಿಮ್ಮ ಒಂದೂವರೆ ಎಕರೆ ಖುಷ್ಕಿ ತೊಗರಿ ಹೋಯಿತು ಅನ್ನಿ. 60 ಗುಂಟೆ, ಸುಮಾರು 5,160 ರೂಪಾಯಿ. ಆರು ಎಕರೆ ಜೋಳ ಹೋಗಿದ್ದರೂ ಸಿಗುವುದು 17,000, ಯಾಕೆಂದರೆ ಎರಡು ಹೆಕ್ಟೇರಿಗೆ ಮುಗಿಯಿತು. ತುಂಡು ಜಮೀನಿನವರಿಗೆ ಕನಿಷ್ಠ ಮೊತ್ತ ಇದೆ: ಖುಷ್ಕಿಗೆ 1,000, ನೀರಾವರಿಗೆ 2,000, ಬಹುವಾರ್ಷಿಕಕ್ಕೆ 2,500.

ಇದರ ಮೇಲೆ ರಾಜ್ಯ ತನ್ನ ಕೈಯಿಂದ ಸೇರಿಸುವುದುಂಟು. 2025ರ ಮುಂಗಾರಿನಲ್ಲಿ ಕಲಬುರಗಿ, ಬೀದರ್, ಯಾದಗಿರಿ, ವಿಜಯಪುರ ಕಡೆ ನೆರೆ ಬಂದಾಗ ಹೆಕ್ಟೇರಿಗೆ 8,500 ಹೆಚ್ಚುವರಿ ಘೋಷಿಸಿದರು. ಆಗ ಖುಷ್ಕಿಗೆ 17,000, ನೀರಾವರಿಗೆ 25,500, ಬಹುವಾರ್ಷಿಕಕ್ಕೆ 31,000 ಆಯಿತು. ಇದು ಪ್ರತಿ ವರ್ಷದ ಹಕ್ಕಲ್ಲ, ಆಯಾ ವರ್ಷದ ಆದೇಶ. ಕೇಂದ್ರದ ದರವೂ ಕಾಲಕಾಲಕ್ಕೆ ಬದಲಾಗುತ್ತದೆ. ನಿಮ್ಮ ಹಾನಿ ಯಾವ ವರ್ಷದ್ದೋ ಆ ವರ್ಷದ ದರ ಎಷ್ಟು ಅಂತ ನಾಡಕಚೇರಿಯಲ್ಲಿ ಕೇಳಿಕೊಳ್ಳಿ.

ಈ ಕಾಗದಗಳನ್ನು ಒಂದು ಕವರಿನಲ್ಲಿಡಿ

ಈ ವರ್ಷದ ಪಹಣಿ (ಉತ್ತರ ಕರ್ನಾಟಕದವರಿಗೆ ಉತಾರ), ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಆಧಾರ್‌ಗೆ ಜೋಡಣೆಯಾದ ಮೊಬೈಲ್ ನಂಬರ್, ಎಫ್‌ಐಡಿ ನಂಬರ್ (ರೈತರ ಗುರುತಿನ ಸಂಖ್ಯೆ, ಹಂತ 2ರಲ್ಲಿ ಹೇಳಿದ್ದೇನೆ). ಪರಿಶಿಷ್ಟ ಜಾತಿ, ಪಂಗಡದವರು ಜಾತಿ ಪ್ರಮಾಣಪತ್ರವನ್ನೂ ಇಟ್ಟುಕೊಳ್ಳಿ, ಎಫ್‌ಐಡಿ ಮಾಡಿಸುವಾಗ ಅದರ ನಂಬರ್ ಕೇಳುತ್ತಾರೆ. ಎರಡೆರಡು ಜೆರಾಕ್ಸ್ ಸಾಕು.

ಹಂತ 1: ಪಹಣಿಯನ್ನು ಕಣ್ಣಿಟ್ಟು ಓದಿ

ಪಹಣಿ ತೆಗೆಸುತ್ತೇವೆ, ಮಡಚಿ ಜೇಬಿಗೆ ಹಾಕುತ್ತೇವೆ, ಯಾರೂ ಓದುವುದಿಲ್ಲ. ಈ ಸಲ ಮೂರು ಕಡೆ ಬೆರಳಿಟ್ಟು ಓದಿ.

ಕಾಲಂ 9ರಲ್ಲಿ ಮಾಲೀಕರ ಹೆಸರು ಇರುತ್ತದೆ. ಅಲ್ಲಿ "ಶಿವಪ್ಪ ಬಿನ್ ಕೆಂಚಪ್ಪ" ಅಂತಿದ್ದು, ಆಧಾರ್‌ನಲ್ಲಿ "ಶಿವಕುಮಾರ ಕೆ." ಅಂತಿದ್ದರೆ ಊರಿಗೆಲ್ಲ ಒಬ್ಬರೇ ಅಂತ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಹೆಣ್ಣುಮಕ್ಕಳ ಪಹಣಿಯಲ್ಲಿ ಈ ತೊಂದರೆ ಇನ್ನೂ ಜಾಸ್ತಿ. ಪಹಣಿಯಲ್ಲಿ "ಕೋಂ" ಅಂತ ಗಂಡನ ಹೆಸರು, ಆಧಾರ್‌ನಲ್ಲಿ ತಂದೆಯ ಹೆಸರು. ವ್ಯತ್ಯಾಸ ಒಂದಕ್ಷರದ್ದಾದರೆ ಹೇಗೋ ದಾಟುತ್ತದೆ. ಹೆಸರೇ ಬೇರೆಯಾಗಿದ್ದರೆ ಆಧಾರ್ ತಿದ್ದಿಸುವುದು ಸುಲಭವೋ ಪಹಣಿ ತಿದ್ದಿಸುವುದು ಸುಲಭವೋ ಅಂತ ಮೊದಲು ಗ್ರಾಮ ಆಡಳಿತ ಅಧಿಕಾರಿಯನ್ನು ಕೇಳಿ. ಇವರನ್ನೇ ಮೊದಲು ಗ್ರಾಮ ಲೆಕ್ಕಿಗರು ಅನ್ನುತ್ತಿದ್ದರು. ಕೆಲವರು ವಿಎ ಅನ್ನುತ್ತಾರೆ, ಬೆಳಗಾವಿ-ಧಾರವಾಡದ ಕಡೆ ತಲಾಟಿ, ನಮ್ಮ ಕಡೆ ವಯಸ್ಸಾದವರ ಬಾಯಲ್ಲಿ ಇನ್ನೂ ಶಾನುಭೋಗರೇ.

ಎರಡನೆಯದು, ತೀರಿಕೊಂಡವರ ಹೆಸರು. ಅಪ್ಪ ಹೋಗಿ ಹತ್ತು ವರ್ಷವಾದರೂ ಪಹಣಿ ಅವರ ಹೆಸರಿನಲ್ಲೇ ಇದ್ದರೆ ಪರಿಹಾರದ ದಾರಿ ಅಲ್ಲಿಗೇ ಕಟ್ಟಾಗುತ್ತದೆ, ಯಾಕೆಂದರೆ ತೀರಿಕೊಂಡವರಿಗೆ ಎಫ್‌ಐಡಿ ಆಗುವುದಿಲ್ಲ. ಇದಕ್ಕೆ ಪೌತಿ ಖಾತೆ ಮಾಡಿಸಬೇಕು, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಎಲ್ಲ ವಾರಸುದಾರರ ಆಧಾರ್ ಬೇಕು. ಅರ್ಜಿ ನಾಡಕಚೇರಿಯಲ್ಲಿ. ಕಂದಾಯ ಇಲಾಖೆ 2025ರಿಂದ ಇ-ಪೌತಿ ಆಂದೋಲನ ಅಂತ ಊರೂರಿಗೆ ಬಂದೇ ಮಾಡಿಕೊಡುತ್ತಿದೆ, ಬಂದಾಗ ಬಿಡಬೇಡಿ. "ಅಣ್ಣತಮ್ಮಂದಿರ ಪಾಲು ಇನ್ನೂ ಆಗಿಲ್ಲ" ಅಂತ ಹಿಂದೇಟು ಹಾಕುವವರು ಬಹಳ. ಪೌತಿಗೂ ಪಾಲಿಗೂ ಸಂಬಂಧ ಇಲ್ಲ. ಪೌತಿಯಲ್ಲಿ ಎಲ್ಲರ ಹೆಸರೂ ಜಂಟಿಯಾಗಿ ಕೂರುತ್ತದೆ. ಸರ್ವೆ, 11ಇ ನಕ್ಷೆ ಎಲ್ಲ ಬರುವುದು ಪಾಲು ಮಾಡಿಕೊಳ್ಳುವಾಗ. ಆದರೆ ಖಾತೆ ಬದಲಾವಣೆಗೆ ಆಕ್ಷೇಪಣೆಯ ಅವಧಿ ಅಂತ ಇರುತ್ತದೆ, ಹೊಲದಲ್ಲಿ ನೀರು ನಿಂತ ಮೇಲೆ ಶುರುಮಾಡಿದರೆ ಆ ಹಂಗಾಮಿಗೆ ಮುಗಿಯುವುದು ಕಷ್ಟ.

ಮೂರನೆಯದು, ಆಧಾರ್ ಜೋಡಣೆ. "ನನ್ನ ಆಧಾರ್‌ನೊಂದಿಗೆ ನನ್ನ ಆಸ್ತಿ ಸುಭದ್ರ" ಅಂತ ಪಹಣಿಗೆ ಆಧಾರ್ ಜೋಡಿಸುವ ಕೆಲಸ ನಡೆಯಿತಲ್ಲ, ನಿಮ್ಮದು ಆಗಿದೆಯಾ ಅಂತ ಖಚಿತ ಮಾಡಿಕೊಳ್ಳಿ.

ಹಂತ 2: ಎಫ್‌ಐಡಿ, ಮತ್ತು ಅದರೊಳಗೆ ನಿಮ್ಮ ಎಲ್ಲ ಸರ್ವೆ ನಂಬರ್

ಫ್ರೂಟ್ಸ್ ಅನ್ನುವುದು ಸರ್ಕಾರದ ರೈತರ ನೋಂದಣಿ ತಂತ್ರಾಂಶ. ಅದರಲ್ಲಿ ನಿಮಗೆ ಸಿಗುವ ಗುರುತಿನ ಸಂಖ್ಯೆಯೇ ಎಫ್‌ಐಡಿ. 2023ರ ಬರದ ದುಡ್ಡು ಹಂಚುವಾಗ ಇದೇ ಪಟ್ಟಿಯನ್ನು ಹಿಡಿದುಕೊಂಡು ಹಂಚಿದರು. ರೈತ ಸಂಪರ್ಕ ಕೇಂದ್ರದಲ್ಲಿ ಮಾಡಿಕೊಡುತ್ತಾರೆ. ತೋಟಗಾರಿಕೆ, ರೇಷ್ಮೆ, ಪಶುಸಂಗೋಪನೆ ಕಚೇರಿಗಳಲ್ಲೂ ಆಗುತ್ತದೆ. ದುಡ್ಡು ಕೊಡಬೇಕಾಗಿಲ್ಲ.

"ನಮ್ಮದು ಎಫ್‌ಐಡಿ ಆಗಿದೆ" ಅಂತ ಎದೆ ತಟ್ಟಿ ಹೇಳುವವರು ಬಹಳ. ನಾನೂ ಹಾಗೇ ಹೇಳುತ್ತಿದ್ದೆ. ನಮ್ಮದು ಮೂರು ಸರ್ವೆ ನಂಬರ್. ಒಂದು ವರ್ಷ ಪರಿಹಾರ ಎರಡಕ್ಕೆ ಮಾತ್ರ ಬಂತು. ರೈತ ಸಂಪರ್ಕ ಕೇಂದ್ರದಲ್ಲಿ ಪರದೆ ನನ್ನ ಕಡೆ ತಿರುಗಿಸಿ ತೋರಿಸಿದರು: ಎಫ್‌ಐಡಿಯೊಳಗೆ ಎರಡೇ ನಂಬರ್ ಕೂತಿದ್ದವು. ಮೂರನೆಯದು, ಹಳ್ಳದ ಪಕ್ಕದ 28 ಗುಂಟೆ, ಪೂರ್ತಿ ನೀರು ನಿಂತದ್ದು ಅದೇ, ಅದು ಸೇರಿರಲೇ ಇಲ್ಲ. ಐದು ನಿಮಿಷದ ಕೆಲಸ, ವರ್ಷಗಟ್ಟಲೆ ನಾನೇ ನೋಡಿರಲಿಲ್ಲ.

ಹಾಗಾಗಿ ಪಹಣಿಗಳನ್ನೆಲ್ಲ ಒಟ್ಟಿಗೆ ಹಿಡಿದುಕೊಂಡು ಹೋಗಿ, ಪ್ರತಿ ಸರ್ವೆ ನಂಬರ್ ಮತ್ತು ಹಿಸ್ಸಾ ಎಫ್‌ಐಡಿಯಲ್ಲಿದೆಯಾ, ವಿಸ್ತೀರ್ಣ ಸರಿಯಿದೆಯಾ ಅಂತ ಒಂದೊಂದಾಗಿ ನೋಡಿಸಿ. ಬೇರೆ ಊರಿನಲ್ಲಿ, ಬೇರೆ ತಾಲ್ಲೂಕಿನಲ್ಲಿ ಜಮೀನಿದ್ದರೆ ಅದನ್ನೂ ಸೇರಿಸಬೇಕು. ಜಂಟಿ ಖಾತೆಯಾಗಿದ್ದರೆ ಹೆಸರಿರುವ ಪ್ರತಿಯೊಬ್ಬರಿಗೂ ಅವರದೇ ಎಫ್‌ಐಡಿ ಆಗಲಿ. ಬೆಂಗಳೂರಿನಲ್ಲೋ ದುಬೈನಲ್ಲೋ ಇರುವ ತಮ್ಮನ ಪಾಲು ನಿಂತುಹೋಗುವುದು ಇಲ್ಲೇ.

ಹಂತ 3: ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಬೆಳೆ ಇದೆಯಾ?

ಮುಂಗಾರು, ಹಿಂಗಾರು, ಬೇಸಿಗೆ, ಮೂರು ಹಂಗಾಮಿನಲ್ಲೂ ಪ್ರತಿ ತುಂಡಿನಲ್ಲಿ ಏನು ಬೆಳೆದಿದೆ ಅಂತ ಫೋಟೊ ಸಮೇತ ದಾಖಲಿಸುತ್ತಾರೆ. ಇದೇ ಬೆಳೆ ಸಮೀಕ್ಷೆ. ರೈತರೇ ಮೊಬೈಲ್ ಆ್ಯಪ್‌ನಲ್ಲಿ ಹಾಕಬಹುದು. ಹಾಕದಿದ್ದರೆ ಊರಿನ ಒಬ್ಬ ಹುಡುಗ ಬಂದು ಹಾಕುತ್ತಾನೆ. ಅವರಿಗೆ ಖಾಸಗಿ ನಿವಾಸಿ ಅಂತ ಹೆಸರು, ಬಾಯಿಮಾತಿನಲ್ಲಿ ಪಿಆರ್.

ಒಬ್ಬ ಪಿಆರ್ ಕೈಯಲ್ಲಿ ನೂರಾರು ತುಂಡುಗಳಿರುತ್ತವೆ. ಬದುವಿನ ಮೇಲೆ ನಿಂತು ಒಂದೇ ಕಡೆಯಿಂದ ಫೋಟೊ ತೆಗೆದು ಮುಂದೆ ಹೋದರೆ ತೊಗರಿಯ ಸಾಲಿನ ನಡುವಿನ ಹೆಸರುಕಾಳು, ಉದ್ದು ಕಾಣುವುದಿಲ್ಲ. ಕೆಲವೊಮ್ಮೆ ಜಮೀನು "ಬೀಳು" ಅಂತಲೇ ದಾಖಲಾಗಿರುತ್ತದೆ. ಪರಿಹಾರ ಸಿಗುವುದು ಬಿತ್ತಿದ ವಿಸ್ತೀರ್ಣಕ್ಕೆ ಮಾತ್ರ. ದಾಖಲೆಯಲ್ಲಿ ಬೀಳು ಅಂತಿದ್ದರೆ ಬಿತ್ತೇ ಇಲ್ಲ ಅಂತ ಲೆಕ್ಕ.

"ಬೆಳೆ ದರ್ಶಕ" ಅನ್ನುವ ಆ್ಯಪ್‌ನಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಕೊಟ್ಟರೆ ನಿಮ್ಮ ಹೊಲದಲ್ಲಿ ಏನು ದಾಖಲಾಗಿದೆ ಅಂತ ಫೋಟೊ ಸಹಿತ ಕಾಣುತ್ತದೆ. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು. ಅದಕ್ಕೆ ಕೊನೇ ದಿನಾಂಕ ಇರುತ್ತದೆ. ಬಿತ್ತನೆಯಾಗಿ ತಿಂಗಳು, ಒಂದೂವರೆ ತಿಂಗಳಾದ ಮೇಲೆ ಒಮ್ಮೆ ತೆರೆದು ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ಮನೆಯಲ್ಲಿ ಪಿಯುಸಿ ಓದುವ ಮಕ್ಕಳಿದ್ದರೆ ಅವರಿಗೇ ವಹಿಸಿ.

ಹಂತ 4: ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ?

ನೀವು ಪಾಸ್‌ಬುಕ್ ಜೆರಾಕ್ಸ್ ಯಾವುದೇ ಬ್ಯಾಂಕಿನದು ಕೊಡಿ, ದುಡ್ಡು ಹೋಗುವುದು ಆಧಾರ್ ಜೋಡಣೆಯಾದ ಖಾತೆಗೆ. ಈ ಜೋಡಣೆಯ ಪಟ್ಟಿ ಎನ್‌ಪಿಸಿಐ ಅನ್ನುವ ಸಂಸ್ಥೆಯಲ್ಲಿದೆ. ಒಂದು ಆಧಾರ್‌ಗೆ ಒಂದು ಸಲಕ್ಕೆ ಒಂದೇ ಬ್ಯಾಂಕ್. ಬ್ಯಾಂಕಿನಲ್ಲಿ ಕೆವೈಸಿಗೆ ಆಧಾರ್ ಜೆರಾಕ್ಸ್ ಕೊಟ್ಟದ್ದು ಜೋಡಣೆ ಅಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. "ಎನ್‌ಪಿಸಿಐ ಮ್ಯಾಪಿಂಗ್ ಮಾಡಿ" ಅಂತ ಬ್ಯಾಂಕಿನಲ್ಲಿ ಅದೇ ಪದ ಬಳಸಿ ಕೇಳಿ, ಫಾರಂ ತುಂಬಿ ಕೊಡಿ.

ಈಗ ಯಾವ ಬ್ಯಾಂಕಿಗೆ ಜೋಡಣೆಯಿದೆ ಅಂತ ಆಧಾರ್ ವೆಬ್‌ಸೈಟಿಗೆ ಲಾಗಿನ್ ಆಗಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಒತ್ತಿದರೆ ಕಾಣುತ್ತದೆ. ಅದು ಕಷ್ಟವಾದರೆ ಗ್ರಾಮ ಒನ್ ಕೇಂದ್ರದಲ್ಲಿ ಕೇಳಿ.

ಕೆವೈಸಿ ಪೂರ್ತಿ ಆಗದ ಜನಧನ್ ಖಾತೆಯಾದರೆ ಎಚ್ಚರ. ಅಂಥ ಸಣ್ಣ ಖಾತೆಯಲ್ಲಿ ಒಂದು ಸಲಕ್ಕೆ 50,000ಕ್ಕಿಂತ ಜಾಸ್ತಿ ಇರುವಂತಿಲ್ಲ, ವರ್ಷದಲ್ಲಿ ಒಂದು ಲಕ್ಷಕ್ಕಿಂತ ಜಾಸ್ತಿ ಜಮಾ ಆಗುವಂತಿಲ್ಲ. ಮಿತಿ ಮುಟ್ಟಿದ್ದರೆ ಬಂದ ದುಡ್ಡು ವಾಪಸ್ ಹೋಗಬಹುದು.

ಹಂತ 5: ಹಾನಿಯಾದ ದಿನ ಮಾಡಬೇಕಾದದ್ದು

ನೀರು ಇಳಿಯುವ ಮೊದಲೇ ಹೊಲಕ್ಕೆ ಹೋಗಿ ಫೋಟೊ ತೆಗೆಯಿರಿ. ಜೀವಕ್ಕೆ ಅಪಾಯ ಇಲ್ಲದಿದ್ದರೆ ಮಾತ್ರ, ಹಳ್ಳ ದಾಟುವ ಸಾಹಸ ಬೇಡ. ಬರೀ ನೀರಿನ ಫೋಟೊ ತೆಗೆದರೆ ಅದು ಕೆರೆಯೋ ಹೊಲವೋ ಗೊತ್ತಾಗುವುದಿಲ್ಲ. ದೂರದಿಂದ ಒಂದು: ಬೇವಿನ ಮರವೋ, ಪಂಪ್‌ಸೆಟ್ ಮನೆಯೋ, ಕರೆಂಟ್ ಕಂಬವೋ, ಊರವರು ಗುರುತಿಸುವಂಥದ್ದು ಒಂದು ಫ್ರೇಮಿನಲ್ಲಿರಲಿ. ಹತ್ತಿರದಿಂದ ಒಂದು: ಕೊಳೆತ ಬುಡ, ಮೊಳಕೆ ಬಂದ ತೆನೆ, ಕಪ್ಪಾದ ಹತ್ತಿ ಕಾಯಿ. ಗಿಡ ಕಿತ್ತು ಅಂಗೈ ಮೇಲಿಟ್ಟು ತೆಗೆದರೆ ಇನ್ನೂ ಚೆನ್ನ. ದಿನಾಂಕ ಮತ್ತು ಜಾಗ ಫೋಟೊ ಮೇಲೇ ಬರುವಂಥ ಕ್ಯಾಮೆರಾ ಆ್ಯಪ್‌ಗಳಿವೆ, ಹಾಕಿಕೊಳ್ಳಿ.

ಆಮೇಲೆ ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ. ಫೋನ್ ಮಾಡಿದರೆ ಸಾಲದು, ವಾಟ್ಸ್ಆ್ಯಪ್‌ನಲ್ಲಿ ಸರ್ವೆ ನಂಬರ್, ಬೆಳೆ, ವಿಸ್ತೀರ್ಣ ಬರೆದು ಫೋಟೊ ಕಳಿಸಿ. ಅದೇ ನಿಮ್ಮ ಮೊದಲ ದಾಖಲೆ.

ಹಾಳಾದ ಬೆಳೆಯನ್ನು ತಕ್ಷಣ ಉಳುಮೆ ಮಾಡಿ ಮುಚ್ಚಬೇಡಿ. ಮುಂದಿನ ಬಿತ್ತನೆಗೆ ಹದ ಹೋಗುತ್ತದೆ ಅನ್ನುವ ಚಿಂತೆ ಗೊತ್ತು. ಸರ್ವೆಗೆ ತಡವಾಗುತ್ತದೆ ಅನ್ನಿಸಿದರೆ ಅಧಿಕಾರಿಗೆ ಹೇಳಿ, ನಾಲ್ಕು ಮೂಲೆಯ ಫೋಟೊ ತೆಗೆದು, ಒಂದಷ್ಟು ಸಾಲು ಹಾಗೇ ಬಿಟ್ಟು ಮುಂದುವರಿಯಿರಿ.

ಬೆಳೆ ವಿಮೆ ಕಟ್ಟಿದ್ದರೆ ಅದರ ದಾರಿಯೇ ಬೇರೆ, ಗಡುವೂ ಬೇರೆ. ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲು, ಭೂಕುಸಿತದಂಥ ಸ್ಥಳೀಯ ಹಾನಿಗೆ, ಕೊಯ್ದು ಹೊಲದಲ್ಲೇ ಒಣಗಲು ಹಾಕಿದ್ದು 14 ದಿನದೊಳಗೆ ನೆಂದು ಹಾಳಾದದ್ದಕ್ಕೆ 72 ಗಂಟೆಯೊಳಗೆ ದೂರು ಕೊಡಬೇಕು. ನಂಬರ್ 14447. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಗ್ರಾಮ ಆಡಳಿತ ಅಧಿಕಾರಿಗೆ ಹೇಳಿದರೆ ವಿಮೆಯವರಿಗೆ ಹೇಳಿದಂತಲ್ಲ. ವಿಮೆ ಇದೆ ಅಂತ ಸರ್ಕಾರದ ಪರಿಹಾರ ತಪ್ಪುವುದಿಲ್ಲ, ಎರಡನ್ನೂ ಕೇಳಿ.

ಆನೆ, ಹಂದಿ ನುಗ್ಗಿ ಬೆಳೆ ಹಾಳಾಗಿದ್ದರೆ ಅದು ಅರಣ್ಯ ಇಲಾಖೆಯ ಬಾಬ್ತು, ಅದಕ್ಕೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಅರ್ಜಿ. ಅವರದೂ "ಇ-ಪರಿಹಾರ" ಅನ್ನುವ ಹೆಸರಿನದೇ ವ್ಯವಸ್ಥೆಯಾದ್ದರಿಂದ ಜನ ಕಂದಾಯ ಇಲಾಖೆಯ ಪರಿಹಾರ ಪುಟದಲ್ಲಿ ಹುಡುಕಿ ಸುಸ್ತಾಗುತ್ತಾರೆ.

ದನಕರು, ಕುರಿ ಸತ್ತರೆ

ಮಣ್ಣು ಮಾಡುವ ಮೊದಲು ಪಶು ವೈದ್ಯರಿಂದ ಮರಣೋತ್ತರ ಪರೀಕ್ಷೆ ಆಗಲೇಬೇಕು. ವಾಸನೆ ಬರುತ್ತದೆ, ಅಕ್ಕಪಕ್ಕದವರು ಬೈಯುತ್ತಾರೆ ಅಂತ ರಾತ್ರಿಯೇ ಹೂತು ಬೆಳಗ್ಗೆ ಆಸ್ಪತ್ರೆಗೆ ಹೋದರೆ ಯಾರೂ ಸರ್ಟಿಫಿಕೇಟ್ ಕೊಡುವುದಿಲ್ಲ. ಕಿವಿಯಲ್ಲಿರುವ ಹಳದಿ ಓಲೆಯ 12 ಅಂಕಿ ಓದುವಂತೆ ಒಂದು ಫೋಟೊ, ಪ್ರಾಣಿ ಪೂರ್ತಿ ಕಾಣುವಂತೆ ಒಂದು ಫೋಟೊ ತೆಗೆಯಿರಿ. ಡಾಕ್ಟರ್ ಸಿಗದಿದ್ದರೆ 1962ಕ್ಕೆ ಕರೆ ಮಾಡಿ, ಸಂಚಾರಿ ಪಶು ಚಿಕಿತ್ಸಾಲಯದ ನಂಬರ್ ಅದು. ನೀರಿನಲ್ಲಿ ಕೊಚ್ಚಿಹೋಗಿ ದೇಹವೇ ಸಿಗದಿದ್ದರೆ ಗ್ರಾಮ ಆಡಳಿತ ಅಧಿಕಾರಿಯನ್ನು ಕರೆಸಿ, ಊರವರ ಸಹಿಯೊಂದಿಗೆ ಮಹಜರು ಮಾಡಿಸಿ.

ಮೇಲೆ ಹೇಳಿದ ಅವಧಿಯ ದರದಲ್ಲಿ ಹಾಲು ಕೊಡುವ ಹಸು, ಎಮ್ಮೆಗೆ 37,500, ಎತ್ತಿಗೆ 32,000, ಕರುವಿಗೆ 20,000, ಕುರಿ, ಮೇಕೆಗೆ 4,000 ರೂಪಾಯಿ. ಕೋಳಿಗೆ ತಲಾ 100, ಒಂದು ಮನೆಗೆ ಒಟ್ಟು 10,000 ಮೀರುವಂತಿಲ್ಲ. ಹಸು-ಎಮ್ಮೆಯಾದರೆ ಮನೆಗೆ ಮೂರು, ಕುರಿ-ಮೇಕೆಯಾದರೆ ಮೂವತ್ತರವರೆಗೆ. ಮೂವತ್ತು ಅನ್ನುವುದು ಕುರಿಗಾಹಿಗಳಿಗೆ ಏನೇನೂ ಸಾಲದು. ಸಿಡಿಲಿಗೆ, ಆಲಿಕಲ್ಲಿಗೆ ಒಂದೇ ರಾತ್ರಿಯಲ್ಲಿ ಅರ್ಧ ಹಿಂಡು ಹೋಗುವುದುಂಟು. ವಲಸೆ ಹೋಗಿದ್ದಾಗ ಸತ್ತರೆ ಸತ್ತ ಜಾಗದ ತಾಲ್ಲೂಕಿನಲ್ಲೇ ಪರೀಕ್ಷೆ ಮಾಡಿಸಿಕೊಂಡು ಕಾಗದ ಕೈಗೆ ತಗೊಳ್ಳಿ, ಊರಿಗೆ ಬಂದು ಮಾಡಿಸುತ್ತೇನೆ ಅಂದರೆ ಆಗದು. ಅಪಘಾತ, ಹಾವು ಕಡಿತದಂಥ ಸಾವಿಗೆ ಪಶುಸಂಗೋಪನೆ ಇಲಾಖೆಯ ಅನುಗ್ರಹ ಯೋಜನೆ ಇದೆ, ಅದನ್ನೂ ಡಾಕ್ಟರನ್ನೇ ಕೇಳಿ.

ಹಂತ 6: ಜಂಟಿ ಸಮೀಕ್ಷೆಗೆ ಬಂದಾಗ ಹೊಲದಲ್ಲಿರಿ

ಕಂದಾಯ ಇಲಾಖೆಯವರು, ಕೃಷಿ ಅಥವಾ ತೋಟಗಾರಿಕೆ ಇಲಾಖೆಯವರು ಒಟ್ಟಿಗೆ ಬಂದು ನೋಡುವುದಕ್ಕೆ ಜಂಟಿ ಸಮೀಕ್ಷೆ ಅನ್ನುತ್ತಾರೆ. ಯಾವ ದಿನ ನಿಮ್ಮ ಊರಿಗೆ ಬರುತ್ತಾರೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಅಲ್ಲಿ ಮೂರು ಸಂಗತಿ ಬಾಯಿಬಿಟ್ಟು ಕೇಳಬೇಕು: ಎಷ್ಟು ಗುಂಟೆ ಬರೆದಿರಿ, ಬೆಳೆ ಯಾವುದು ಅಂತ ಬರೆದಿರಿ, ಖುಷ್ಕಿಯೋ ನೀರಾವರಿಯೋ? ಕೊನೆಯ ಪ್ರಶ್ನೆಯಲ್ಲಿ ಅರ್ಧಕ್ಕರ್ಧ ದುಡ್ಡಿದೆ. ಬೋರ್‌ವೆಲ್ ಇದ್ದು ಪಹಣಿಯಲ್ಲಿ ದಾಖಲಾಗದಿದ್ದರೆ ಖುಷ್ಕಿ ಅಂತಲೇ ಹೋಗುತ್ತದೆ. ಕೊಳವೆಬಾವಿ ತೋರಿಸಿ, ಕರೆಂಟಿನ ಆರ್‌ಆರ್ ನಂಬರ್ ತೋರಿಸಿ. ಹಾಗಂತ ಇಲ್ಲದ ನೀರಾವರಿ ಬರೆಸಲು ಹೋಗಬೇಡಿ, ಆಮೇಲೆ ವಸೂಲಿಗೆ ನೋಟಿಸ್ ಬರುತ್ತದೆ.

ಲಾವಣಿಗೆ, ಕೋರಿಗೆ, ಅಂದರೆ ಬೇರೆಯವರ ಹೊಲವನ್ನು ಗುತ್ತಿಗೆಗೆ, ಪಾಲಿಗೆ ಮಾಡುವವರಿಗೆ ಒಂದು ಕಹಿ ಮಾತು. ದುಡ್ಡು ಪಹಣಿಯಲ್ಲಿರುವ ಮಾಲೀಕರ ಖಾತೆಗೆ ಹೋಗುತ್ತದೆ. ಬೀಜ ನಿಮ್ಮದು, ಗೊಬ್ಬರ ನಿಮ್ಮದು, ಪರಿಹಾರ ಅವರದು. ನ್ಯಾಯ ಅಲ್ಲ ಅನ್ನುವುದು ನನ್ನ ಅಭಿಪ್ರಾಯ, ಆದರೆ ಈಗಿನ ಪದ್ಧತಿ ಹೀಗಿದೆ. ಪರಿಹಾರ ಬಂದರೆ ಯಾರಿಗೆಷ್ಟು ಅಂತ ಲಾವಣಿ ಮಾತಾಡುವಾಗಲೇ ಸಾಕ್ಷಿ ಇಟ್ಟು ಬರೆದುಕೊಳ್ಳಿ.

ಹಂತ 7: ಪಟ್ಟಿಯಲ್ಲಿ ಹೆಸರು ಹುಡುಕಿ

ಸಮೀಕ್ಷೆ ಮುಗಿದ ಮೇಲೆ ಹಾನಿಗೊಳಗಾದವರ ಪಟ್ಟಿಯನ್ನು ಗ್ರಾಮ ಪಂಚಾಯಿತಿ, ನಾಡಕಚೇರಿಯ ನೋಟಿಸ್ ಬೋರ್ಡಿಗೆ ಹಾಕುತ್ತಾರೆ. ಆಕ್ಷೇಪಣೆಗೆ ಕೆಲವೇ ದಿನ ಸಿಗುತ್ತದೆ. ಹೆಸರು ಇದೆ ಅಂತ ನೋಡಿ ವಾಪಸ್ ಬರಬೇಡಿ, ಸರ್ವೆ ನಂಬರ್, ವಿಸ್ತೀರ್ಣ, ಬೆಳೆ ಮೂರನ್ನೂ ನೋಡಿ, ಆ ಪುಟದ ಫೋಟೊ ತೆಗೆದುಕೊಳ್ಳಿ.

ಹಂತ 8: ದುಡ್ಡು ಎಲ್ಲಿ ನಿಂತಿದೆ?

ಕಂದಾಯ ಇಲಾಖೆಯ ಪರಿಹಾರ ಪುಟದಲ್ಲಿ ವರ್ಷ, ಹಂಗಾಮು, ಯಾವ ವಿಪತ್ತು ಅಂತ ಆರಿಸಿ ಆಧಾರ್ ಅಥವಾ ಎಫ್‌ಐಡಿ ಕೊಟ್ಟರೆ ಸ್ಥಿತಿ ಕಾಣುತ್ತದೆ. ವರ್ಷ ತಪ್ಪು ಆರಿಸಿ "ಏನೂ ಬರ್ತಿಲ್ಲ" ಅನ್ನುವವರು ಬಹಳ. 2025ರ ಜುಲೈನ ಹಾನಿ 2025-26ರಲ್ಲಿ ಬರುತ್ತದೆ, 2026ರ ಫೆಬ್ರವರಿಯ ಹಾನಿಯೂ ಅದರಲ್ಲೇ. "ಡಿಬಿಟಿ ಕರ್ನಾಟಕ" ಆ್ಯಪ್‌ನಲ್ಲಿ ಜಮಾ ಆದದ್ದು ಯಾವ ಬ್ಯಾಂಕಿಗೆ ಅಂತ ಗೊತ್ತಾಗುತ್ತದೆ. ಎಷ್ಟೋ ಸಲ ದುಡ್ಡು ಬಂದೇ ಇರುತ್ತದೆ, ನಾವು ನೋಡದ ಖಾತೆಯಲ್ಲಿ ಕೂತಿರುತ್ತದೆ.

ಆಧಾರ್ ಜೋಡಣೆ ಇಲ್ಲ ಅಂತ ಬಂದರೆ ಹಂತ 4ಕ್ಕೆ ಹೋಗಿ. ಹೆಸರು ತಾಳೆಯಿಲ್ಲ ಅಂತ ಬಂದರೆ ಹಂತ 1. ಸರ್ವೆ ನಂಬರೇ ಕಾಣದಿದ್ದರೆ ಹಂತ 2. ಸರಿಪಡಿಸಿದ ಮೇಲೆ ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ, ಮುಂದಿನ ಕಂತಿನಲ್ಲಿ ಮತ್ತೆ ಕಳಿಸಿದರಾ ಅಂತ ಬೆನ್ನು ಹತ್ತಬೇಕು.

ಬ್ಯಾಂಕಿನವರು ಪರಿಹಾರದ ದುಡ್ಡನ್ನು ಬೆಳೆಸಾಲಕ್ಕೆ ಮುರಿದುಕೊಂಡರೆ ಸುಮ್ಮನಿರಬೇಡಿ. 2024ರಲ್ಲಿ ಈ ದೂರು ಜೋರಾದಾಗ, ಸಾಲಕ್ಕೆ ಹೊಂದಾಣಿಕೆ ಮಾಡಬಾರದು ಅಂತ ಸರ್ಕಾರವೇ ಬ್ಯಾಂಕುಗಳಿಗೆ ಹೇಳಿತ್ತು. ಮ್ಯಾನೇಜರಿಗೆ ಬರಹದಲ್ಲಿ ಕೊಡಿ, ಒಂದು ಪ್ರತಿ ತಹಶೀಲ್ದಾರರಿಗೆ.

ಯಾರಾದರೂ ಫೋನ್ ಮಾಡಿ "ನಿಮ್ಮ ಪರಿಹಾರ ಮಂಜೂರಾಗಿದೆ, ಒಟಿಪಿ ಹೇಳಿ" ಅಂದರೆ ಕಟ್ ಮಾಡಿ. ವಾಟ್ಸ್ಆ್ಯಪ್‌ನಲ್ಲಿ ಪರಿಹಾರ ಪಟ್ಟಿ ಅಂತ ಎಪಿಕೆ ಫೈಲ್ ಬಂದರೆ ಒತ್ತಲೇಬೇಡಿ. "ಸಾಹೇಬರಿಗೆ ಹೇಳಿ ಮಾಡಿಸಿಕೊಡ್ತೀನಿ, ಅರ್ಧ ನನಗೆ" ಅನ್ನುವವರು ಊರಲ್ಲೇ ಇರುತ್ತಾರೆ. ದುಡ್ಡು ನೇರ ಖಾತೆಗೆ ಬರುವುದರಿಂದ ಅವರು ಮಾಡಿಸಿಕೊಡುವಂಥದ್ದು ಏನೂ ಇಲ್ಲ.

ಹಂತ 9: ಎಲ್ಲ ಸರಿಯಿದ್ದೂ ಬರದಿದ್ದರೆ

ತಹಶೀಲ್ದಾರರಿಗೆ ಮನವಿ ಕೊಡಿ. ಉದ್ದ ಬರೆಯಬೇಡಿ, ಕಷ್ಟಸುಖ ಬೇಡ. ಹೀಗೆ ಸಾಕು:

"ಇಂಥ ಗ್ರಾಮದ ಸರ್ವೆ ನಂಬರ್ ಇಷ್ಟು, ಹಿಸ್ಸಾ ಇಷ್ಟರಲ್ಲಿ 1 ಎಕರೆ 20 ಗುಂಟೆ ತೊಗರಿ ಬೆಳೆದಿದ್ದು, ಇಂಥ ದಿನಾಂಕದ ಮಳೆಯಿಂದ ಹಾನಿಯಾಗಿರುತ್ತದೆ. ಬೆಳೆ ಸಮೀಕ್ಷೆಯಲ್ಲಿ ದಾಖಲಾಗಿರುತ್ತದೆ. ನನ್ನ ಎಫ್‌ಐಡಿ ಇಂತಿದ್ದು, ಆಧಾರ್ ಇಂಥ ಬ್ಯಾಂಕಿಗೆ ಜೋಡಣೆಯಾಗಿರುತ್ತದೆ. ಇದುವರೆಗೆ ಪರಿಹಾರ ಜಮಾ ಆಗಿರುವುದಿಲ್ಲ. ಕಾರಣವನ್ನು ಲಿಖಿತವಾಗಿ ತಿಳಿಸಿ, ಪರಿಹಾರ ಜಮಾ ಮಾಡಿಸಿಕೊಡಬೇಕಾಗಿ ಕೋರಿಕೆ."

ಪಹಣಿ, ಫೋಟೊ, ಬೆಳೆ ದರ್ಶಕದ ಪುಟ, ಪರಿಹಾರ ಪುಟದ ಸ್ಥಿತಿ ಲಗತ್ತಿಸಿ. "ಕಾರಣವನ್ನು ಲಿಖಿತವಾಗಿ ತಿಳಿಸಿ" ಅನ್ನುವ ಸಾಲು ಬಿಡಬೇಡಿ. ಎರಡು ಪ್ರತಿ ಒಯ್ಯಿರಿ, ಒಂದನ್ನು ಕೊಟ್ಟು ಇನ್ನೊಂದರ ಮೇಲೆ ದಿನಾಂಕ ಸಹಿತ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಹದಿನೈದು ದಿನ ನೋಡಿ. ಉತ್ತರ ಬರದಿದ್ದರೆ ಸರ್ಕಾರದ ದೂರು ಸಹಾಯವಾಣಿ 1902ಕ್ಕೆ ಕರೆ ಮಾಡಿ ದೂರು ದಾಖಲಿಸಿ, ಆ ಸೀಲಿನ ದಿನಾಂಕ ಹೇಳಿ.